ಗ್ರಾನೈಟಿನಲ್ಲಿ ನಾಲ್ಕು ತೂತು

ಮೂಡಿಗೆರೆಯಲ್ಲಿ ಇಂಟರ್‌ನೆಟ್ ಕೇಬಲ್ ಎಳೆಯುವವರು ಏಳೆಂಟು ಮಂದಿ ಇದ್ದಾರೆ. ಕೇಬಲ್ ಎಳೆಯುವ ಮೊದಲು ಕಾಗದದ ಮೇಲೆ ಗೆರೆ ಎಳೆಯುವವಳು ಶಬನಂ ಒಬ್ಬಳೇ. ಉಳಿದವರ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅವರು ಕೈಯಾಡಿಸಿದ ಕಟ್ಟಡಗಳ ಬಗ್ಗೆಯೂ ಇರಲಿಲ್ಲ. ಆ ಕಟ್ಟಡಗಳನ್ನು ಕಟ್ಟಿಸಿದವರ ವಿಷಯವಂತೂ ಕೇಳುವುದೇ ಬೇಡ. ದುಪಟ್ಟಾವನ್ನು ತಲೆಗೆ ಬಿಗಿದು, ಸೊಂಟಕ್ಕೆ ಸಲಕರಣೆಯ ಬೆಲ್ಟ್ ಕಟ್ಟಿ, ಏಣಿ ಹತ್ತಿ ಸೀಲಿಂಗಿನೊಳಗೆ ತಲೆ ತೂರಿಸಿ ಅವಳು ಒಂದು ಸಲ ಮೂಗಿನಲ್ಲಿ ಉಸಿರು ಬಿಟ್ಟಳೆಂದರೆ, ಕೆಳಗೆ ನಿಂತ ಮಾಲೀಕನಿಗೆ ತನ್ನ ಮನೆತನವನ್ನೇ ಬೈದಂತಾಗುತ್ತಿತ್ತು.

ಈ ಗುಣ ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಗುಲಾಮ್ ಮುಸ್ತಫಾ ಕೊಟ್ಟಿಗೆಹಾರದಲ್ಲಿ ಗಾಡಿಗಳ ಎಲೆಕ್ಟ್ರಿಷಿಯನ್ ಆಗಿದ್ದವನು. ಚಾರ್ಮಾಡಿ ಘಾಟಿ ಇಳಿಯುವ ಲಾರಿಯವರು ಅವನ ಅಂಗಡಿಯ ಮುಂದೆ ನಿಲ್ಲಿಸಿ, ಹೆಡ್‌ಲೈಟು, ವೈಪರು, ಹಾರ್ನು ಮೂರೂ ಸರಿಯಿದೆಯೆಂದು ತೋರಿಸಿಕೊಂಡೇ ಮಂಜಿನೊಳಗೆ ಹೋಗುತ್ತಿದ್ದರು. ಡ್ಯಾಷ್‌ಬೋರ್ಡ್ ಬಿಚ್ಚಿದ ಕೂಡಲೇ ಇದಕ್ಕೆ ಮುಂಚೆ ಕೈ ಹಾಕಿದವನು ಹಾಸನದವನೋ ಉಜಿರೆಯವನೋ ಎಂದು ಅವನು ಹೇಳುತ್ತಿದ್ದ. ಒಂದೇ ಬಣ್ಣದ ನಾಲ್ಕು ವೈರು ಸೇರಿಸಿ ಟೇಪ್ ಸುತ್ತಿದ್ದು ಕಂಡರೆ ಗಾಡಿಯನ್ನೇ ಮುಟ್ಟುತ್ತಿರಲಿಲ್ಲ. "ನಾಳೆ ಇನ್ನೊಬ್ಬ ಬಿಚ್ತಾನೆ ಮಗಾ, ಅವನಿಗೆ ಯಾವುದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗ್ಬೇಕು. ಗೊತ್ತಾಗ್ಲಿಲ್ಲ ಅಂದ್ರೆ ನಾವು ಕೆಲಸ ಮಾಡಿದ್ದಲ್ಲ, ಕಸ ಹಾಕಿದ್ದು," ಎನ್ನುತ್ತಿದ್ದ. ಹತ್ತು ವರ್ಷದ ಶಬನಂ ಪಕ್ಕದಲ್ಲಿ ಕೂತು ವೈರಿನ ತುದಿಗಳಿಗೆ ಸ್ಕ್ರೂ ಕೂರುವ ತಗಡಿನ ಕಿವಿ ಹಾಕುತ್ತಾ ಇದನ್ನು ಕೇಳಿದವಳು.

ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ, ಒಂದು ಇಂಟರ್‌ನೆಟ್ ಕಂಪನಿಯಲ್ಲಿ ಹತ್ತು ವರ್ಷ ದುಡಿದಳು. ಕೇಬಲ್ಲನ್ನು ಎಸ್ಟೇಟಿನ ಸಿಲ್ವರ್ ಓಕ್ ಮರಗಳಿಗೆ ಸುತ್ತಿ ಮುಂದಕ್ಕೆ ಹೋಗು ಎಂದು ಮೇಲಿನವನು ಹೇಳಿದ ದಿನ ಐಡಿ ಕಾರ್ಡನ್ನು ಅವನ ಮೇಜಿನ ಮೇಲಿಟ್ಟು ಬಂದಳು. ಆಮೇಲಿನಿಂದ ಸ್ವಂತ ಕೆಲಸ. ಗಂಡ ಜಾವೇದ್ ಪಿಕಪ್ ಓಡಿಸುತ್ತಾನೆ, ಕಾಫಿ ಮೂಟೆಯೂ ಹೇರುತ್ತಾನೆ, ಹೆಂಡತಿಯ ಏಣಿಯನ್ನೂ ಹೇರುತ್ತಾನೆ. ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಅವಳೇ ಆಡುತ್ತಾಳೆ.

ಬಸ್‌ಸ್ಟ್ಯಾಂಡಿನ ಹತ್ತಿರ ಪರಮೇಶ್ವರಪ್ಪನವರ ಕಾಂಪ್ಲೆಕ್ಸ್ ಏಳುತ್ತಿದ್ದಾಗ, ಎರಡನೇ ಮಹಡಿಯ ಸೆಂಟ್ರಿಂಗ್ ನಿಂತಿದ್ದಾಗಲೇ, ಅವಳು ತಾನಾಗಿ ಹೋಗಿ ಒಂದು ನಕ್ಷೆ ಕೊಟ್ಟಿದ್ದಳು. ಪರಮೇಶ್ವರಪ್ಪ ಊರಿನ ಹಳೆಯ ಜವಳಿ ವ್ಯಾಪಾರಿ, ಇಪ್ಪತ್ತೆಕರೆ ಕಾಫಿ ತೋಟವೂ ಇದ್ದವರು. ನಾಲ್ಕು ಮಹಡಿ, ಹದಿನೈದು ಮಳಿಗೆ, ಹದಿನೈದು ಜನ ಬಾಡಿಗೆದಾರರು. ಶಬನಂ ಕೇಳಿದ್ದು ಹೆಚ್ಚೇನಲ್ಲ. ಹೊರಗಿನ ಕೇಬಲ್ಲೆಲ್ಲ ಬಂದು ಸೇರಲು ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ, ಅಲ್ಲಿಂದ ತಾರಸಿಯವರೆಗೆ ನೆಟ್ಟಗೆ ಎರಡು ಪೈಪು, ಮಹಡಿಗೊಂದು ಪೆಟ್ಟಿಗೆ, ಪೆಟ್ಟಿಗೆಯಿಂದ ಪ್ರತಿ ಮಳಿಗೆಗೆ ಒಂದು ದಾರಿ. ಕರೆಂಟಿನ ವೈರಿನಿಂದ ಒಂದಡಿ ದೂರ.

ಪರಮೇಶ್ವರಪ್ಪ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಲ್ಲಮ್ಮ, ವೈರಿಗೆ ರೂಮು ಎಂತಕ್ಕೆ? ಬೆರಳು ದಪ್ಪ ಇಲ್ಲ ಅದು."

"ಒಂದು ವೈರು ಬೆರಳು ದಪ್ಪ ಇಲ್ಲ ಸರ್. ಹದಿನೈದು ಮಳಿಗೆದು ಸೇರಿದ್ರೆ ನಿಮ್ ತೊಡೆ ದಪ್ಪ ಆಗುತ್ತೆ."

"ಎರಡು ಪೈಪು ಬೇರೆ ಕೇಳ್ತಿದೀಯ."

"ಒಂದು ಇವತ್ತಿಗೆ. ಇನ್ನೊಂದು ನಾಳೆ ಬರೋರಿಗೆ."

"ನಾಳೆದು ನಾಳೆ ನೋಡೋಣ ಬಿಡಮ್ಮ," ಎಂದು ಅವರು ನಕ್ಷೆಯ ಮೇಲೆ ಕಾಫಿ ಲೋಟ ಇಟ್ಟರು. ಶಬನಂ ಆ ಲೋಟವನ್ನೂ ಅದರ ಕೆಳಗೆ ಮೂಡಿದ ಉಂಗುರವನ್ನೂ ನೋಡಿ ಎದ್ದು ಬಂದಳು.

ಕಟ್ಟಡ ಮುಗಿಯಿತು. ಮುಂಭಾಗಕ್ಕೆ ನೀಲಿ ಗಾಜು, ಮೆಟ್ಟಿಲಿಗೆ ಕನ್ನಡಿಯಂತೆ ಹೊಳೆಯುವ ಕರಿಗ್ರಾನೈಟು, ಬಾಗಿಲಲ್ಲಿ ಕಾಫಿ ಕುಯ್ಯುವ ಹೆಂಗಸಿನ ಫೈಬರ್ ಬೊಂಬೆ. ಕೇಬಲ್ಲಿಗೆ ಎಂದು ಅವಳು ಗುರುತು ಹಾಕಿದ್ದ ಜಾಗದಲ್ಲಿ ಕಬ್ಬಿನ ಹಾಲಿನ ಯಂತ್ರ ಕೂತಿತು. ನಾಲ್ಕು ಮಹಡಿಯಲ್ಲಿ ಒಂದು ಬೆರಳು ತೂರುವಷ್ಟು ತೂತನ್ನೂ ಯಾರೂ ಬಿಟ್ಟಿರಲಿಲ್ಲ.

ಬಾಡಿಗೆದಾರರು ಒಬ್ಬೊಬ್ಬರಾಗಿ ಬಂದರು. ಒಬ್ಬೊಬ್ಬರೂ ಒಬ್ಬೊಬ್ಬ ಕೇಬಲಿನವನನ್ನು ಕರೆತಂದರು. ಒಬ್ಬ ರಸ್ತೆಯ ಕಂಬದಿಂದ ನೇರ ಮೂರನೇ ಮಹಡಿಯ ಕಿಟಕಿಗೆ ಎಸೆದ, ಇನ್ನೊಬ್ಬ ತಾರಸಿಯಿಂದ ಇಳಿಬಿಟ್ಟ, ಮತ್ತೊಬ್ಬ ಬೊಂಬೆ ಹೆಂಗಸಿನ ಬುಟ್ಟಿಗೆ ಒಂದು ಸುತ್ತು ಹಾಕಿ ಮೇಲಕ್ಕೆ ಒಯ್ದ. ಹೆಚ್ಚಿನದೆಲ್ಲ ದಯಾನಂದ ಎಂಬವನ ಕೈವಾಡ. ಊರಿನಲ್ಲಿ ಅವನಿಗೆ ಬೇಗ ಮುಗಿಸುತ್ತಾನೆಂದು ಹೆಸರಿತ್ತು. ಮೂರು ವರ್ಷದಲ್ಲಿ ನೀಲಿ ಗಾಜು ಕಾಣದಷ್ಟು ವೈರು ಇಳಿಬಿತ್ತು. ಕಿಟಕಿಗಳು ಮುಚ್ಚುತ್ತಿರಲಿಲ್ಲ. ಮಂಗಗಳು ತಾರಸಿಯಿಂದ ಕಬ್ಬಿನ ಹಾಲಿನ ಅಂಗಡಿಗೆ ಇಳಿಯಲು ಆ ವೈರುಗಳನ್ನೇ ಹಿಡಿದುಕೊಂಡವು. ಕಟ್ಟಡದೊಳಗೆ ಹೋಗುವ ವೈರನ್ನು ಹೊರಗೆ ಒಂದು ಸಲ ಕೆಳಕ್ಕೆ ಬಾಗಿಸಿ ಆಮೇಲೆ ಒಳಗೆ ಬಿಡಬೇಕು, ಇಲ್ಲದಿದ್ದರೆ ಮಳೆನೀರು ಅದರ ಮೈಮೇಲೇ ನಡೆದು ಒಳಗೆ ಬರುತ್ತದೆ. ಇಷ್ಟನ್ನೂ ಮಾಡಿರಲಿಲ್ಲ. ಆಷಾಢದಲ್ಲಿ ಮೊದಲ ಮಹಡಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಪ್ರಿಂಟರ್ ಪಕ್ಕ ಸದಾ ಒಂದು ಬಕೆಟ್ಟು ಇರುತ್ತಿತ್ತು.

ಶಬನಂ ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಪಿಕಪ್ಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಣಿಸುತ್ತಿದ್ದಳು. "ಇವತ್ತಿಗೆ ಐವತ್ತೆಂಟು," ಎಂದು ಜಾವೇದನಿಗೆ ಹೇಳುವಾಗ ಅವಳ ದನಿಯಲ್ಲಿ ಒಂದು ಬಗೆಯ ತೃಪ್ತಿ ಇರುತ್ತಿತ್ತು.

ಏಪ್ರಿಲಿನಲ್ಲಿ, ಕಾಫಿ ಹೂವಿನ ಮಳೆಯ ಜೊತೆ ಬಂದ ಒಂದು ಸಿಡಿಲು ತಾರಸಿಯ ವೈರು ಹಿಡಿದು ಇಳಿದು ಮೂರು ಮಹಡಿಯ ಮೋಡೆಮ್‌ಗಳನ್ನು ಸುಟ್ಟಿತು. ಬಾಡಿಗೆದಾರರು ಜಾಗ ಖಾಲಿ ಮಾಡುವ ಮಾತೆತ್ತಿದರು. ಆಗ ಪರಮೇಶ್ವರಪ್ಪ ಫೋನು ಮಾಡಿದರು.

"ನೀನು ಅವತ್ತು ಎಂತದೋ ಹೇಳಿದ್ದೆ ಅಲ್ವೇನಮ್ಮ?"

"ಹೇಳಿದ್ದೆ ಸರ್. ಲೋಟದ ಕೆಳಗಿರಬೇಕು, ನೋಡಿ."

ಅವರಿಗೆ ಅರ್ಥವಾಗಲಿಲ್ಲ. ಅವಳು ಹೋದಳು. ಮೊದಲು ಇರುವುದು ಏನೆಂದು ತಿಳಿಯದೆ ಹೊಸದನ್ನು ಮಾಡಲಾಗದು ಎಂದು ನಾಲ್ಕು ದಿನ ಪ್ರತಿ ವೈರನ್ನೂ ಹಿಂಬಾಲಿಸಿದಳು. ಒಂದು ತುದಿಗೆ ಸದ್ದು ಬಿಡುವ ಸಲಕರಣೆ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ಪೀಂ ಎನ್ನುವುದು ಯಾವುದೆಂದು ಹುಡುಕುವುದು. ಒಟ್ಟು ಅರವತ್ತಮೂರು ವೈರು. ಅದರಲ್ಲಿ ಇಪ್ಪತ್ತೆರಡು ಎಲ್ಲಿಗೂ ಹೋಗುತ್ತಿರಲಿಲ್ಲ. ಕೇಬಲ್ಲಿನ ಮೈಮೇಲೆ ಮೀಟರಿಗೊಂದರಂತೆ ಸಂಖ್ಯೆ ಅಚ್ಚಾಗಿರುತ್ತದೆ. ಯಾವ ಕಿಟಕಿಯಲ್ಲಿ ಯಾವ ಸಂಖ್ಯೆ ಎಂಬುದನ್ನೂ ಅವಳು ನಾಲ್ಕು ಹಾಳೆಯ ಪಟ್ಟಿಯಲ್ಲಿ ತಾರೀಖಿನ ಸಮೇತ ಬರೆದುಕೊಂಡಳು. ವೈರುಗಳಿಗೆ ಹಳದಿ ಚೀಟಿ ಕಟ್ಟಿದಳು.

ಪಟ್ಟಿ ತನಗಾಗಿ ಮಾಡಿಕೊಂಡದ್ದು. ಹಾಗಾಗಿ ಮಳಿಗೆಯ ನಂಬರಿನ ಬದಲು ತನಗೆ ನೆನಪಿರುವ ಹೆಸರು ಹಾಕಿದಳು. ಮಾಲೀಕರ ಆಫೀಸು 'ಗ್ರಾನೈಟ್'. ಲ್ಯಾಬಿನ ಸೌಮ್ಯ ಏನು ಕೇಳಿದರೂ ನಾಳೆ ಹೇಳ್ತೀನಿ ಎನ್ನುವವಳು, ಅವಳಿಗೆ 'ನಾಳೆ' ಎಂದೇ ಹೆಸರಾಯಿತು. ನೆಲಮಹಡಿಯ ಸಹಕಾರ ಸೊಸೈಟಿ 'ಊಟದ ಟೈಮ್'. ಎರಡನೇ ಮಹಡಿಯಲ್ಲಿ ಎದುರುಬದುರು ಕೂತ ಕಾಫಿ ವ್ಯಾಪಾರಿಗಳಾದ ಹಾಲೇಶ್ ಮತ್ತು ಚಂದ್ರಶೇಖರ, ಅವಳು ಒಳಗೆ ಬಂದರೆ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದರು. ಅವರು 'ಗುಟ್ಟು ಒಂದು', 'ಗುಟ್ಟು ಎರಡು'. ಮೂರನೇ ಮಹಡಿಯಲ್ಲಿ ತೆರಿಗೆ ಲೆಕ್ಕ ಬರೆಯುವ ವಿಶ್ವನಾಥ್ ಎಂಬ ಅರವತ್ತರ ಹತ್ತಿರದ ಮನುಷ್ಯನದೊಂದು ಕೋಣೆ. ನಾಲ್ಕು ದಿನವೂ ಬಾಗಿಲು ತೆರೆದಿತ್ತು, ಆಸಾಮಿ ಇರಲಿಲ್ಲ. ಶಬನಂ ಅದನ್ನು 'ಖಾಲಿ ಕುರ್ಚಿ' ಎಂದು ಬರೆದಳು.

ಹೊಸ ನಕ್ಷೆ ತೋರಿಸಲು ಎಲ್ಲರನ್ನೂ ಸೇರಿಸಿದಾಗ ನಡೆದದ್ದನ್ನು ಅವಳು ಇಂದಿಗೂ ಹಲ್ಲು ಕಡಿದೇ ಹೇಳುತ್ತಾಳೆ.

"ಎಲ್ಲರದೂ ಒಂದೇ ಪೈಪಲ್ಲಿ ಹೋಗುತ್ತಾ?" ಎಂದು ಹಾಲೇಶ್ ಕೇಳಿದ.

"ಹೌದು."

"ಹಂಗಾದ್ರೆ ನನ್ನ ರೇಟು ಚಂದ್ರಶೇಖರಂಗೆ ಗೊತ್ತಾಗಲ್ವಾ?"

"ಒಂದೇ ಬಸ್ಸಲ್ಲಿ ಕೂತ್ರೆ ನಿಮ್ ಜೇಬಲ್ಲಿ ಇರೋದು ಪಕ್ಕದವನಿಗೆ ಗೊತ್ತಾಗುತ್ತಾ ಸರ್?"

"ಕಳ್ಳ ಆದ್ರೆ ಗೊತ್ತಾಗುತ್ತೆ," ಎಂದ ಹಾಲೇಶ್, ಚಂದ್ರಶೇಖರನ ಕಡೆ ನೋಡದೆ. ಚಂದ್ರಶೇಖರ ಎದ್ದು ನಿಂತ. ಅವನನ್ನು ಕೂರಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಸೊಸೈಟಿಯವರು ಮೇಲಿನ ಆಫೀಸಿನ ಪತ್ರ ಬೇಕೆಂದರು. ಸೌಮ್ಯ ನಾಳೆ ಹೇಳುತ್ತೇನೆಂದಳು. ಪರಮೇಶ್ವರಪ್ಪನವರಿಗೆ ಪೈಪು ಹಾಯಿಸಲು ಪ್ರತಿ ಮಹಡಿಯ ಮೆಟ್ಟಿಲ ಮೂಲೆಯಲ್ಲಿ ಒಂದೊಂದರಂತೆ ನಾಲ್ಕು ತೂತು ಕೊರೆಯಬೇಕೆಂದು ತಿಳಿದ ಮೇಲೆ ಬೇರೇನೂ ಕೇಳಿಸಲಿಲ್ಲ.

"ಗ್ರಾನೈಟಿಗಾ? ಆ ಗ್ರಾನೈಟಿಗಾ?"

"ಅವತ್ತೇ ಬಿಟ್ಟಿದ್ರೆ ಇವತ್ತು ಕೊರೀಬೇಕಿರ್ಲಿಲ್ಲ."

"ನೋಡೋಣ," ಎಂದರು. ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಶಬನಂ ಹಾಳೆ ಮಡಚಿಕೊಂಡು ಹೊರಟಳು.

ಮೇ ತಿಂಗಳ ಹದಿನೆಂಟರಂದು ಅವಳು ಕಳಸದಲ್ಲಿ ಒಂದು ಲಾಡ್ಜಿನ ಕೆಲಸದಲ್ಲಿದ್ದಳು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಫೋನಿನ ಮೇಲೆ ಫೋನು. ವಿಷಯ ಇಷ್ಟು: ನಾಲ್ಕನೇ ಮಹಡಿಯ ಸಭಾಂಗಣವನ್ನು ಬಾಡಿಗೆಗೆ ಕೊಡಲು ಪರಮೇಶ್ವರಪ್ಪ ಡ್ರೋನಿನಿಂದ ವಿಡಿಯೋ ಮಾಡಿಸುವವರಿದ್ದರು. ವೈರುಗಳು ಅಡ್ಡ ಬರುತ್ತವೆಂದು ದಯಾನಂದನಿಗೆ ಸ್ವಲ್ಪ ಚೊಕ್ಕ ಮಾಡು ಎಂದರು. ಬೇಗ ಮುಗಿಸುವವನಲ್ಲವೇ, ಅವನು ಮೊದಲು ಕಣ್ಣಿಗೆ ಹೊಡೆಯುವ ಹಳದಿ ಚೀಟಿಗಳನ್ನು ಕಿತ್ತ, ಆಮೇಲೆ ಮುಂಭಾಗದಲ್ಲಿ ನೇತಾಡುವುದೆಲ್ಲವನ್ನೂ ಕತ್ತರಿಸಿದ. ವಿಡಿಯೋ ಮುಗಿದ ಮೇಲೆ ಜೋಡಿಸಿದರಾಯಿತು ಎಂಬುದು ಅವನ ಯೋಚನೆ. ಡ್ರೋನು ಹಾರಿತು, ಇಳಿಯಿತು. ದಯಾನಂದ ಮೇಲೆ ನೋಡಿದ, ಒಂದೇ ಬಣ್ಣದ ನಲವತ್ತು ತುದಿ. ಕೆಳಗೆ ನೋಡಿದ, ಅದೇ ಬಣ್ಣದ ನಲವತ್ತು ತುದಿ.

"ಮೇಡಂ, ಮಂಗಳೂರಿಗೆ ಹೊರಟಿರೋ ಪೇಶೆಂಟ್ ರಿಪೋರ್ಟ್ ಕಳಿಸ್ಬೇಕು," ಎಂದಳು ಸೌಮ್ಯ. ಈ ಸಲ ನಾಳೆ ಎನ್ನಲಿಲ್ಲ. "ಒಳಗೆ ಮೊಬೈಲ್ ಸಿಗ್ನಲ್ಲೂ ಸರಿಯಾಗಿ ಸಿಗಲ್ಲ. ನಿಮ್ಮತ್ರ ಪಟ್ಟಿ ಇದೆಯಂತಲ್ಲ? ನಮ್ ಗ್ರೂಪಿಗೆ ಫೋಟೋ ಹಾಕಿ, ದಯಾನಂದ ಜೋಡಿಸ್ತಾನೆ."

ಶಬನಂ ಏಣಿಯ ಮೇಲಿದ್ದಳು. ರೋಗಿಯ ಮಾತು ಬಂದದ್ದರಿಂದ ಹಿಂದೆ ಮುಂದೆ ನೋಡಲಿಲ್ಲ. ನಾಲ್ಕೂ ಹಾಳೆಯ ಫೋಟೋ ತೆಗೆದು ಬಾಡಿಗೆದಾರರ ಗುಂಪಿಗೆ ಕಳಿಸಿದಳು. ನಾಲ್ಕನೆಯದು ಹೋದ ಮೇಲೆ ಅದರ ಮೇಲೆ ತಾನೇ ಬರೆದ ಅಡ್ಡಹೆಸರುಗಳನ್ನು ಓದಿದಳು. ಅಳಿಸಲು ಹೊರಟರೆ ಆಗಲೇ ಹನ್ನೆರಡು ಜನ ನೋಡಿದ್ದರು.

ಕಳಸದಿಂದ ಕೊಟ್ಟಿಗೆಹಾರದ ಮೇಲೆ ಮೂಡಿಗೆರೆಗೆ ಬರುವವರೆಗೂ ಅವಳು ಮಾತಾಡಲಿಲ್ಲ. ಜಾವೇದ್ ಎರಡು ಸಲ ಅವಳ ಕಡೆ ತಿರುಗಿ ನೋಡಿ ಸುಮ್ಮನೆ ಗಾಡಿ ಓಡಿಸಿದ.

ಮೆಟ್ಟಿಲ ಬಳಿ ಎಲ್ಲರೂ ನಿಂತಿದ್ದರು. ಹೆಸರುಗಳು ಯಾರವೆಂದು ತಿಳಿಯದೆ ದಯಾನಂದ ಒಂದು ವೈರನ್ನೂ ಜೋಡಿಸಿರಲಿಲ್ಲ. ಪರಮೇಶ್ವರಪ್ಪ ಕನ್ನಡಕ ಏರಿಸಿ ಫೋನು ಮುಂದೆ ಹಿಡಿದರು. "ಗ್ರಾನೈಟ್ ಅಂದ್ರೆ ಯಾರಮ್ಮ?"

"ನೀವೇ ಸರ್."

ಬೈಗುಳವೋ ಹೊಗಳಿಕೆಯೋ ಎಂದು ಅವರಿಗೆ ತೀರ್ಮಾನವಾಗಲಿಲ್ಲ. ಹಾಲೇಶನಿಗೆ ತಾನು ಒಂದು, ಎದುರಾಳಿ ಎರಡು ಎಂಬ ಖುಷಿ. ಚಂದ್ರಶೇಖರನಿಗೆ ಹೆಸರಿನ ಸಿಟ್ಟಿಲ್ಲ, ಎರಡನೆಯವನಾದ ಸಿಟ್ಟು. ಸೊಸೈಟಿಯ ಮ್ಯಾನೇಜರ್ ಬಂದಿರಲಿಲ್ಲ, ಊಟಕ್ಕೆ ಹೋಗಿದ್ದರು. ಸೌಮ್ಯ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಇವರ ಎದುರು ತಲೆ ತಗ್ಗಿಸಬೇಕಾದೀತು ಎಂದು ದಾರಿಯುದ್ದಕ್ಕೂ ಹೆದರಿದ್ದ ಶಬನಂಗೆ ಧೈರ್ಯ ಮರಳಿತು. ಬೈಸಿಕೊಂಡದ್ದೂ ಗೊತ್ತಾಗದ ಜನ ಎಂದುಕೊಂಡು ದಯಾನಂದನ ಕಡೆ ತಿರುಗುವಷ್ಟರಲ್ಲಿ, ತೆಳ್ಳಗಿನ ಒಬ್ಬರು ಹಿಂದಿನಿಂದ ಮುಂದೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

"ನಾನು ವಿಶ್ವನಾಥ್. ಖಾಲಿ ಕುರ್ಚಿ ನಾನೇ ಅಲ್ವಾ?"

"...ಹೌದು ಸರ್."

"ಅದರ ಮುಂದೆ ಬರ್ದಿದೀರಿ, ಮೊದಲ ಮಹಡಿ ಸೀಲಿಂಗಲ್ಲಿ ಕಟ್ ಆಗಿದೆ, ಕಂಬದ ಕಡೆ ತುದಿಯನ್ನು ಲ್ಯಾಬಿಗೆ ಕೂಡಿಸಿದ್ದಾರೆ ಅಂತ. ತಾರೀಖು ಏಪ್ರಿಲ್ ಇಪ್ಪತ್ತೆರಡು." ಅವರು ಫೋನು ಕೆಳಗಿಳಿಸಿದರು. "ಇವತ್ತು ಮೇ ಹದಿನೆಂಟು."

ಶಬನಂ ಚೀಲದಿಂದ ಹಾಳೆ ತೆಗೆದು ತಾರೀಖು ನೋಡಿದಳು.

"ಎಂಟು ತಿಂಗಳಿಂದ ನನಗೆ ಲೈನಿಲ್ಲ. ಇವ್ರು ನಿಮ್ ಕಂಪ್ಯೂಟರ್ ಹಳೇದು ಅಂದ್ರು," ಎಂದು ದಯಾನಂದನನ್ನು ತೋರಿಸಿದರು. "ಹೊಸದು ತಗೊಂಡೆ. ಅದ್ರಲ್ಲೂ ಬರ್ಲಿಲ್ಲ. ನನಗೇ ಇದೆಲ್ಲ ತಲೆಗೆ ಹತ್ತಲ್ಲ, ವಯಸ್ಸಾಯ್ತು ಅನ್ಕೊಂಡು ಸುಮ್ನಾದೆ. ದಿನಾ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮೊಬೈಲಿಂದ ಕೆಲಸ ಮಾಡ್ತೀನಿ. ಅದಕ್ಕೇ ಕುರ್ಚಿ ಖಾಲಿ ಇರೋದು. ನಿಮಗೆ ಗೊತ್ತಿತ್ತಲ್ಲಮ್ಮ. ಒಂದು ಮಾತು ಹೇಳಬಹುದಿತ್ತು."

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಶಬನಂಗೆ ಸುಲಭವಾಗುತ್ತಿತ್ತು. ಆ ಕಟ್ ಆದ ವೈರು ಕಂಡ ದಿನ ತನಗೆ ಆದ ಖುಷಿ ಅವಳಿಗೆ ಚೆನ್ನಾಗಿ ನೆನಪಿತ್ತು. ದಯಾನಂದನ ಇನ್ನೊಂದು ಕತ್ತೆಕೆಲಸ ಸಿಕ್ಕಿತು ಎಂದು ಹಿಗ್ಗಿ ಬರೆದುಕೊಂಡಿದ್ದಳು. ಆ ವೈರಿನ ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆಂದು ಅವಳಿಗೆ ಹೊಳೆದಿರಲಿಲ್ಲ. ಇಪ್ಪತ್ತಾರು ದಿನ ಆ ಹಾಳೆ ಅವಳ ಚೀಲದಲ್ಲೇ ಇತ್ತು.

"ತಪ್ಪಾಯ್ತು ಸರ್," ಎಂದಳು. ಕಸುಬಿಗಿಳಿದ ಮೇಲೆ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಜಾವೇದ್ ಏಣಿ ಇಳಿಸುತ್ತಿದ್ದವನು ಅಲ್ಲೇ ನಿಂತುಬಿಟ್ಟ.

ಕಂಬದಿಂದ ಬಂದ ಒಂದು ವೈರಿಗೆ ಲ್ಯಾಬಿನ ಲ್ಯಾಪ್‌ಟಾಪನ್ನು ಸಿಕ್ಕಿಸಿ ರೋಗಿಯ ರಿಪೋರ್ಟನ್ನು ಹತ್ತೇ ನಿಮಿಷದಲ್ಲಿ ಅಲ್ಲಿಂದಲೇ ಕಳಿಸಿಕೊಟ್ಟಳು. ಆಮೇಲೆ ಮೊದಲು ಜೋಡಿಸಿದ್ದು ವಿಶ್ವನಾಥರ ಲೈನನ್ನು. ಸೌಮ್ಯಳ ಸರದಿ ಆಮೇಲೆ ಬಂತು. ಸೀಲಿಂಗಿನೊಳಗೆ ತಲೆ ಇಟ್ಟುಕೊಂಡೇ ಶಬನಂ ಕೇಳಿದಳು, "ದಯಾನಂದಣ್ಣ, ಇದನ್ನ ಯಾಕೆ ಕಟ್ ಮಾಡಿದ್ದು?"

"ಲ್ಯಾಬಿನವ್ರಿಗೆ ಇನ್ನೊಂದು ಲೈನು ಬೇಕಿತ್ತಕ್ಕ. ಕಂಬದಿಂದ ಎಳೆಯೋ ಬದ್ಲು ಇದು ಸಿಕ್ತು."

"ಸಿಕ್ತು! ದಾರೀಲಿ ಬಿದ್ದಿತ್ತಾ ಮಾರಾಯ? ಊರಿನವರ ನಲ್ಲಿ ಪೈಪು ಕೊಯ್ದು ನಿಮ್ ಮನೆಗೆ ತಿರುಗಿಸ್ಕೋತೀರಾ ನಾಳೆ?"

ಅವನು ಕೆಳಗೆ ಟಾರ್ಚು ಹಿಡಿದು ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಸಂಜೆಯವರೆಗೆ ಮೀಟರಿನ ಸಂಖ್ಯೆ ನೋಡಿ ನೋಡಿ, ಬಳಕೆಯಲ್ಲಿದ್ದ ವೈರುಗಳನ್ನಷ್ಟೇ ಜೋಡಿಸಿದರು. ಎಲ್ಲಿಗೂ ಹೋಗದವನ್ನು ಹಾಗೆಯೇ ಬಿಟ್ಟರು.

ಅಷ್ಟಾದ ಮೇಲೆ ನಕ್ಷೆಗೆ ಯಾರೂ ಅಡ್ಡ ಮಾತಾಡಲಿಲ್ಲ. ಮಳೆಗಾಲಕ್ಕೆ ಮೊದಲು ಮುಗಿಯಬೇಕಿತ್ತು. ಚಿಕ್ಕಮಗಳೂರಿನಿಂದ ಕಲ್ಲು ಕೊರೆಯುವ ಯಂತ್ರ ಬಂತು. ಪರಮೇಶ್ವರಪ್ಪ ನಾಲ್ಕೂ ಮಹಡಿಯಲ್ಲಿ ಯಂತ್ರದ ಪಕ್ಕ ನಿಂತರು. ಬೈರಿಗೆ ಗ್ರಾನೈಟಿಗೆ ಇಳಿದಾಗ ಕಣ್ಣು ಮುಚ್ಚಿಕೊಂಡರು. ಕೊರೆದು ತೆಗೆದ ನಾಲ್ಕು ದುಂಡು ಕಲ್ಲುಗಳನ್ನು ಕಾಗದದಲ್ಲಿ ಸುತ್ತಿ ಆಫೀಸಿಗೆ ಒಯ್ದರು. ಏನು ಮಾಡುತ್ತಾರೆಂದು ಶಬನಂ ಕೇಳಲಿಲ್ಲ. ಕಬ್ಬಿನ ಹಾಲಿನ ಯಂತ್ರ ಹೊರಗೆ ಬಂತು, ಅದರ ಜಾಗಕ್ಕೆ ಬೀಗವಿರುವ ಕಬ್ಬಿಣದ ಬೀರು. ಎರಡು ಪೈಪು, ಮಹಡಿಗೊಂದು ಪೆಟ್ಟಿಗೆ, ಪ್ರತಿ ವೈರಿನ ಎರಡೂ ತುದಿಗೆ ಮಳಿಗೆಯ ನಂಬರು. ಹಾಲೇಶ್ ತನ್ನ ವೈರಿಗೆ ಬೇರೆ ಬಣ್ಣ ಬೇಕೆಂದ. ಕೊಟ್ಟಳು. ಅದನ್ನು ಕಂಡು ಚಂದ್ರಶೇಖರ ತನಗೂ ಬೇರೆ ಬಣ್ಣ ಕೇಳಿದ. ಅವನಿಗೂ ಕೊಟ್ಟಳು. ಹಳೆಯ ವೈರು ಕಿತ್ತು ತುಂಬಿದಾಗ ಏಳು ಗೋಣಿಚೀಲವಾಯಿತು. ಜೂನಿನ ಮೊದಲ ವಾರದ ಮಳೆ ಹಿಡಿಯುವ ಹೊತ್ತಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು.

ಇದು ತನ್ನದೇ ಯೋಜನೆ, ಕಟ್ಟುವಾಗಲೇ ತಲೆಯಲ್ಲಿತ್ತು ಎಂದು ಪರಮೇಶ್ವರಪ್ಪ ವರ್ತಕರ ಸಭೆಯಲ್ಲಿ ಹೇಳಿದರಂತೆ. ಆಲ್ದೂರಿನಲ್ಲಿ ಹೊಸ ಕಾಂಪ್ಲೆಕ್ಸಿಗೆ ಪಾಯ ತೆಗೆಸುತ್ತಿದ್ದವರೊಬ್ಬರು ಅದನ್ನು ಕೇಳಿ ಶಬನಂಗೆ ಹೇಳಿಕಳಿಸಿದರು. ಅವಳು ಹೋದಳು, ಆ ಮನುಷ್ಯನೂ ಮೂರ್ಖನೇ ಎಂದು ಬಂದು ವರದಿ ಮಾಡಿದಳು.

ವಿಶ್ವನಾಥ್ ಮಾತ್ರ ಅವಳೊಡನೆ ಸಲಿಗೆಗೆ ಬರಲಿಲ್ಲ. ಎದುರು ಸಿಕ್ಕರೆ ಕೈ ಮುಗಿಯುತ್ತಾರೆ. ಕೆಲಸಕ್ಕೆ ಕರೆದರೆ ಏನು ಕಂಡಿತು, ಏನು ಮಾಡಿದಿರಿ ಎಂಬುದನ್ನು ತಾರೀಖು ಹಾಕಿ ಬರೆದುಕೊಡಿ ಎನ್ನುತ್ತಾರೆ. ಶಬನಂ ಬರೆದುಕೊಡುತ್ತಾಳೆ. ಪಟ್ಟಿಗಳಲ್ಲಿ ಈಗ ಅಡ್ಡಹೆಸರಿಲ್ಲ, ನಂಬರು ಮಾತ್ರ. ಹೆಸರುಗಳು ಬಾಯಲ್ಲಿ ಉಳಿದಿವೆ.

ಜುಲೈಯಲ್ಲಿ ಒಂದು ಮಧ್ಯಾಹ್ನ ಅವರ ಫೋನು ಬಂತು, ಲೈನಿಲ್ಲವೆಂದು. ಕೊಟ್ಟಿಗೆಹಾರದಲ್ಲಿ ಹಿಡಿದಿದ್ದ ಕೆಲಸ ಅರ್ಧಕ್ಕೆ ಬಿಟ್ಟು ಸುರಿವ ಮಳೆಯಲ್ಲಿ ಹೋದಳು. ಬೀರು ನೋಡಿದಳು, ಮೂರನೇ ಮಹಡಿಯ ಪೆಟ್ಟಿಗೆ ನೋಡಿದಳು, ಎಲ್ಲ ಸರಿಯಿತ್ತು. ಕೊನೆಗೆ ಮೇಜಿನ ಕೆಳಗೆ ಬಗ್ಗಿದಳು. ಕಾಲು ತಾಗಿ ಪ್ಲಗ್ಗು ಹೊರಗೆ ಬಂದಿತ್ತು. ವಿಶ್ವನಾಥ್ ಆತಂಕದಿಂದ ಅವಳ ಮುಖ ನೋಡುತ್ತಿದ್ದರು. ಅವಳು ಪ್ಲಗ್ಗು ಒತ್ತಿದಳು, 'ಪ್ಲಗ್ ಸಡಿಲ, ಸರಿಪಡಿಸಿದೆ' ಎಂದು ತಾರೀಖು ಹಾಕಿ ಬರೆದು ಅವರ ಕೈಗಿತ್ತಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮೂರು ಮಹಡಿಯ ಮೆಟ್ಟಿಲಿಳಿದು, ರಸ್ತೆ ದಾಟಿ, ಪಿಕಪ್ ಹತ್ತಿ ಬಾಗಿಲು ಭದ್ರವಾಗಿ ಹಾಕಿಕೊಂಡ ಮೇಲೆ, ಕೊಟ್ಟಿಗೆಹಾರ ಬರುವವರೆಗೂ, ಜಾವೇದನ ಮುಂದೆ ಮನಸ್ಸು ಬಿಚ್ಚಿ ಬೈದಳು.